ತೆಗೆದುಹಾಕಿದ ಥರ್ಮೋಸ್ಟಾಟ್

ಅಪ್ಪ ಹಡಗಿನ ಇಂಜಿನ್ ಕೋಣೆಯಲ್ಲಿ ದುಡಿದು ನಿವೃತ್ತನಾದವನು. ಕಾರವಾರಕ್ಕೆ ಮರಳಿದ ಮೇಲೆ ಗೋವಾದಲ್ಲಿ ಯಾರೋ ಮಾರಲಿಟ್ಟಿದ್ದ ಎರಡೇ ಸೀಟಿನ ಹಳೆಯ ಸ್ಪೋರ್ಟ್ಸ್ ಕಾರನ್ನು ಕೊಂಡು ತಂದ. ನಾಲ್ಕು ಜನರ ಮನೆಗೆ ಇದೆಂಥ ಗಾಡಿ ಎಂದು ಅಮ್ಮ ಗೊಣಗುತ್ತಲೇ ಇದ್ದಳು. ಅಣ್ಣನಿಗೆ ಅದು ಸ್ನೇಹಿತರೆದುರು ಓಡಿಸಲು ಬೇಕಿತ್ತು. ಬಾನೆಟ್ಟಿನ ಕೆಳಗೆ ಏನಿದೆ ಎಂದು ಕೇಳಿದವಳು ನಾನು. ಹಾಗಾಗಿ ಅಪ್ಪ ಕಲಿಸಿದ್ದು ನನಗೆ.

ಇಂಜಿನ್ ತಣ್ಣಗಿದ್ದಷ್ಟೂ ಒಳ್ಳೆಯದು ಎಂದು ಜನ ತಿಳಿಯುತ್ತಾರೆ, ಅದು ತಪ್ಪು ಎಂಬುದೇ ಅವನ ಮೊದಲ ಪಾಠ. ಸಾಕಷ್ಟು ಬಿಸಿಯಾಗದಿದ್ದರೆ ಆಯಿಲ್ ಸರಿಯಾಗಿ ಹರಿಯುವುದಿಲ್ಲ, ಪೆಟ್ರೋಲ್ ಪೂರ್ತಿ ಉರಿಯುವುದಿಲ್ಲ, ಒಳಗಿನದೆಲ್ಲ ಬೇಗ ಸವೆಯುತ್ತದೆ. ಇಂಜಿನ್ ಹದಕ್ಕೆ ಬರುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದೆ ತಡೆಯುವುದು ಥರ್ಮೋಸ್ಟಾಟಿನ ಕೆಲಸ. ಹದ ದಾಟಿದರೆ ಅದೇ ಬಾಯಿ ತೆರೆಯುತ್ತದೆ.

ಒಂದು ಬೇಸಿಗೆಯಲ್ಲಿ ಉಷ್ಣತೆಯ ಮುಳ್ಳು ಪದೇ ಪದೇ ಮೇಲೇರತೊಡಗಿತು. ಕಡಿಮೆ ಡಿಗ್ರಿಗೇ ತೆರೆಯುವ ಬೇರೆ ಥರ್ಮೋಸ್ಟಾಟ್ ಹಾಕೋಣ ಎಂದ ಅಣ್ಣ. ನಾನು ಬೇಡವೆಂದೆ. ರೇಡಿಯೇಟರೇ ಕಟ್ಟಿಕೊಂಡಿದ್ದರೆ ಅದು ಬೇಗ ತೆರೆದು ಏನು ಪ್ರಯೋಜನ? ಮೊದಲಿನ ಎಂಬತ್ತೆಂಟು ಡಿಗ್ರಿಯದನ್ನೇ ಉಳಿಸಿ, ರೇಡಿಯೇಟರ್ ಬಿಚ್ಚಿ ತೊಳೆಸಿದೆ. ಅಪ್ಪನೂ ಅದನ್ನೇ ಸರಿ ಎಂದ. ಅಣ್ಣ ಅರ್ಧ ಊಟದಲ್ಲಿ ಎದ್ದುಹೋದ.

ಅದೇ ಸಮಯಕ್ಕೆ ಅಣ್ಣನಿಗೆ ಅಂಕೋಲೆಯ ಹುಡುಗಿಯೊಬ್ಬಳ ಸಂಬಂಧ ಬಂದಿತ್ತು. ಮಾತುಕತೆಯ ದಿನ ಅವನೂ ಅಮ್ಮನೂ ನೆಂಟರ ಜೊತೆ ಬಾಡಿಗೆ ಜೀಪಿನಲ್ಲಿ ಮುಂದೆ ಹೋದರು. ನಾನು, ಅಪ್ಪ ಕಾರಿನಲ್ಲಿ ಹೊರಟೆವು, ಓಡಿಸುತ್ತಿದ್ದವಳು ನಾನು. ಊರೊಳಗೆ ಮುಳ್ಳು ಎಂದಿಗಿಂತ ಕೆಳಗೇ ಇತ್ತು. ಯಾಕೋ ಸರಿಯಿಲ್ಲ ಎಂದೆ. ತಡವಾಗುತ್ತದೆ, ನಡೆ ಎಂದ ಅಪ್ಪ.

ಬಿಣಗಾ ಘಟ್ಟದ ಏರಿನಲ್ಲಿ ಅದಿರಿನ ಲಾರಿಯ ಹಿಂದೆ ಸಿಕ್ಕಿಕೊಂಡೆವು. ಮುಳ್ಳು ಸರ್ರನೆ ಏರಿತು. ನಾನು ಬದಿಗೆ ತೆಗೆದುಕೊಳ್ಳಲು ಹೋದೆ.

"ಇಲ್ಲಿ ನಿಲ್ಸಬೇಡ ತಂಗಿ, ಹಿಂದೆ ಇನ್ನೊಂದು ಲಾರಿ ಅದೆ. ಮೇಲೆ ಹೋಗಿ ನಿಲ್ಸು" ಎಂದ ಅಪ್ಪ.

ಮೇಲೆ ತಲುಪುವಷ್ಟರಲ್ಲಿ ಬಾನೆಟ್ಟಿನಿಂದ ಹಬೆ ಏಳುತ್ತಿತ್ತು, ಇಂಜಿನ್ ತಾನಾಗಿ ನಿಂತಿತು. ಗ್ಯಾರೇಜಿಗೆ ಫೋನ್ ಮಾಡಿ, ಅವರ ಜನ ಬಂದ ಮೇಲೆ ಬಸ್ಸು ಹತ್ತಿ ಅಂಕೋಲೆ ತಲುಪಿದೆವು. ಹುಡುಗಿಯ ಮನೆಯ ಜಗುಲಿಯಲ್ಲಿ ಎಲ್ಲರೂ ಕೂತಿದ್ದರು. ಘಟ್ಟದಲ್ಲಿ ಇಂಜಿನ್ ಕುದಿದು ನಿಂತಿತು ಎಂದು ಅಪ್ಪ ಹೇಳಿ ಮುಗಿಸುವ ಮೊದಲೇ ಅಣ್ಣ ಬಾಯಿ ಹಾಕಿದ.

"ಇಂಜಿನ್ ಕಾಯ್ತಿದ್ರೂ ಓಡ್ಸಿರ್ತಾಳೆ. ಹೆಣ್ಮಕ್ಳ ಕೈಲಿ ಗಾಡಿ ಕೊಟ್ರೆ ಮತ್ತೆಂತ ಆಗ್ತದೆ?"

ಎಲ್ಲರೂ ನಕ್ಕರು. ನಾನು ಅಪ್ಪನ ಮುಖ ನೋಡಿದೆ. ಅವನು ಕೋಕಂ ಶರಬತ್ತಿನ ಲೋಟ ಎತ್ತಿಕೊಂಡು, ಈ ಸಲ ಬಿಸಿಲು ಜಾಸ್ತಿ ಎಂದು ಹುಡುಗಿಯ ತಂದೆಗೆ ಹೇಳಿದ.

ಮರುದಿನ ಕಾರವಾರದ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಇಂಜಿನ್ ಬಿಚ್ಚಿದಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಕಾವಿಗೆ ಸಿಲಿಂಡರ್ ಹೆಡ್ ಬಾಗಿತ್ತು.

"ಒಳಗೆ ಥರ್ಮೋಸ್ಟಾಟೇ ಇಲ್ಲ ಬಾಯೋರೆ. ಯಾರೋ ತೆಗ್ದಿದ್ದಾರೆ" ಎಂದ ಅವನು.

ಆ ಇಂಜಿನ್ನಿನಲ್ಲಿ ಥರ್ಮೋಸ್ಟಾಟ್ ತೆರೆದಾಗ ನೀರಿನ ಅಡ್ಡದಾರಿಯೊಂದನ್ನು ಅದೇ ಮುಚ್ಚುತ್ತಿತ್ತು. ಅದಿಲ್ಲದೆ ಕುದಿವ ನೀರು ಅರ್ಧಕ್ಕರ್ಧ ರೇಡಿಯೇಟರಿಗೆ ಹೋಗದೆ ಇಂಜಿನ್ನಿಗೇ ಮರಳುತ್ತದೆ. ಸಪಾಟು ರಸ್ತೆಯಲ್ಲಿ ಗೊತ್ತಾಗದು, ಏರಿನಲ್ಲಿ ಕೊಲ್ಲುತ್ತದೆ. ಮನೆಗೆ ಬಂದು ಅಣ್ಣನನ್ನು ಕೇಳಿದೆ. ಹೌದು, ತಂಪಾಗಲಿ ಅಂತ ತೆಗೆಸಿದೆ, ಅದಕ್ಕೇನೀಗ ಎಂದ. ಅಪ್ಪನಿಗೆ ಎಲ್ಲವನ್ನೂ ಹೇಳಿದೆ. ಅವನು ಬಾಗಿಲತ್ತ ನೋಡಿ ದನಿ ತಗ್ಗಿಸಿದ.

"ಈಗ ಅದನ್ನ ಎತ್ತಬೇಡ. ಅವಂದು ಮದ್ವೆ ಆಗ್ಬೇಕು. ನಿಂಗೇನು, ಜನ ಮರೀತಾರೆ."

ಹೇಗಿದ್ದರೂ ಹೆಸರು ಕೆಟ್ಟವಳು ಸುಮ್ಮನಿದ್ದರಾಯಿತು ಎಂಬುದು ಅವನ ಲೆಕ್ಕ. ಅಪ್ಪನ ಮೇಲಿನ ಮರ್ಯಾದೆಗೆ ಸುಮ್ಮನಾದೆ. ಮದುವೆ ಆಯಿತು. ರಿಪೇರಿಯಾದ ಕಾರಿನ ಕೀಲಿ ಅಣ್ಣನ ಕೈಸೇರಿತು. ಮಳೆಗಾಲ ಮುಗಿಯುವ ಮೊದಲೇ ಅವನದನ್ನು ಮಡಗಾಂವಿನ ಒಬ್ಬರಿಗೆ ಮಾರಿದ. ನನ್ನನ್ನು ಯಾರೂ ಕೇಳಲಿಲ್ಲ.

ಜನ ಮರೆಯಲಿಲ್ಲ. ನೆಂಟರ ಮನೆಯ ಊಟದ ಪಂಕ್ತಿಗಳಲ್ಲಿ ಅತ್ತಿಗೆಯೇ ಆ ಕತೆ ತೆಗೆದು ನಗಿಸುತ್ತಿದ್ದಳು. ಅವಳಿಗೆ ನಿಜ ಗೊತ್ತಿರಲಿಲ್ಲ. ಗೊತ್ತಿದ್ದ ಇಬ್ಬರು ಪಕ್ಕದಲ್ಲೇ ಕೂತು ಅನ್ನ ಕಲಸುತ್ತಿದ್ದರು.

ಕೆಲವು ವರ್ಷಗಳ ನಂತರ, ಅವರ್ಸಾದ ಶಾಲೆಯಲ್ಲಿ ನನಗೆ ಕೆಲಸ ಸಿಕ್ಕಿದ ಮೇಲೆ, ಸಂಬಳದ ಮೇಲೆ ಸಾಲ ಮಾಡಿ ಒಂದು ಸಾದಾ ಕಾರು ಕೊಂಡೆ. ಅಪ್ಪನಿಗೆ ತೋರಿಸಲೆಂದು ಮನೆ ಮುಂದೆ ನಿಲ್ಲಿಸಿದೆ. ಅವನು ಸುತ್ತ ಒಂದು ಸಲ ನೋಡಿ, ಒಳ್ಳೆಯದಾಯಿತು ಎಂದ. ಬಾನೆಟ್ ತೆರೆಯಲು ಹೇಳಲಿಲ್ಲ. ಅವರ್ಸಾದಲ್ಲಿದ್ದ ನನ್ನ ಮನೆಗೆ ಬರುವಾಗೆಲ್ಲ, ಕರೆದುಕೊಂಡು ಬರುತ್ತೇನೆ ಎಂದರೂ ಕೇಳದೆ ಬಸ್ಸಿನಲ್ಲೇ ಬರುತ್ತಿದ್ದ. ಸಾಯುವವರೆಗೂ ಹಾಗೆಯೇ ಬಂದ.