ನಮ್ಮ ಬಂಡೆಗೆ ಬರಬೇಕಾದ ರಾಜಧನ

ಸಿಡಿಮದ್ದಿನ ಅದುರಿಗೆ ಬಾವಿಯ ಕಟ್ಟೆ ಬಿರುಕು ಬಿಡಬಹುದು. ಸಿಡಿದ ಕಲ್ಲು ಮನೆಯ ಹೆಂಚಿನ ಮೇಲೆ ಬೀಳಬಹುದು; ಹೆಂಚಾದರೆ ಹೊಸದು ಹೊದಿಸಬಹುದು, ಹೆಂಚಿನ ಕೆಳಗೆ ಕೂತವರ ತಲೆಗೆ ಏನು ಹೊದಿಸುವುದು? ಲಾರಿ ಓಡಾಡಿ ಓಡಾಡಿ ಬದು ಕರಗಿ, ಪಕ್ಕದ ಹೊಲದವರು ಅಳತೆಗೆ ಅರ್ಜಿ ಹಾಕಬಹುದು. ಗುತ್ತಿಗೆದಾರ ಅರ್ಧ ಬಂಡೆ ಒಡೆದು, ಕಾಲು ದುಡ್ಡು ಕೊಟ್ಟು, ಪೂರ್ತಿ ನಾಪತ್ತೆಯಾಗಬಹುದು. ಮೇಲೆ ಗಟ್ಟಿ ಕಾಣುವ ಬಂಡೆ ಒಳಗೆ ಬರೀ ಪುಡಿಗಲ್ಲಾಗಿರಬಹುದು. ಅದರ ಧೂಳು ಹಿಪ್ಪುನೇರಳೆ ಸೊಪ್ಪಿನ ಮೇಲೆ ಕೂತು, ಆ ಸೊಪ್ಪು ತಿಂದ ರೇಷ್ಮೆಹುಳು ಸಾಯಬಹುದು. ಇಪ್ಪತ್ತು ವರ್ಷ ಸುದ್ದಿಯಿಲ್ಲದ ದಾಯಾದಿಯೊಬ್ಬರಿಗೆ ಆ ಬಂಡೆಯಲ್ಲಿ ತಮಗೂ ಪಾಲಿರುವುದು ನೆನಪಾಗಬಹುದು. ಹಣ ಬಂದರೆ ಅದರ ದೆಸೆಯಿಂದ ನಾನೂ ಅಣ್ಣನೂ ಮಾತು ಬಿಡಬಹುದು. ಹಣ ಬರದಿದ್ದರೆ, ಲೆಕ್ಕ ಹಾಕಿಕೊಟ್ಟವನು ನಾನಾದ್ದರಿಂದ, ಅಣ್ಣ ಒಬ್ಬನೇ ಮಾತು ಬಿಡಬಹುದು.

ಇಷ್ಟನ್ನೂ ಶ್ರೀರಂಗಪಟ್ಟಣದಿಂದ ಊರಿಗೆ ಹೋಗುವ ಬಸ್ಸಿನಲ್ಲಿ ಟಿಕೆಟ್ಟಿನ ಬೆನ್ನ ಮೇಲೆ ಬರೆಯಲು ಹೊರಟೆ. ಜಾಗ ಸಾಲದೆ ಪಕ್ಕದಲ್ಲಿದ್ದವರ ಟಿಕೆಟ್ಟನ್ನೂ ಕೇಳಿ ಪಡೆದೆ. ಪಾಂಡವಪುರ ದಾಟಿದ ಮೇಲೆ, ಈಗ ಚೆಕಿಂಗಿನವರು ಹತ್ತಿ, ಅಷ್ಟರಲ್ಲಿ ಇವರು ಇಳಿದುಹೋಗಿ, ನನ್ನ ಕೈಲಿ ಎರಡು ಟಿಕೆಟ್ಟು ಸಿಕ್ಕರೆ ಏನು ಗತಿ ಎನ್ನಿಸಿ, ಅದನ್ನೂ ಪಟ್ಟಿಗೆ ಸೇರಿಸಿದೆ.

ತೊಂಬತ್ತರ ದಶಕದ ನಡುವಿನ ಮಾತು. ನನಗೆ ನಲವತ್ತೈದು ದಾಟಿತ್ತು. ಶ್ರೀರಂಗಪಟ್ಟಣದ ಒಂದು ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ನಾಗಮಂಗಲ ತಾಲೂಕಿನ ನಮ್ಮ ಊರಿನಲ್ಲಿ ಅಣ್ಣ ಬೇಸಾಯ ಮಾಡಿಕೊಂಡಿದ್ದ. ನಮ್ಮಿಬ್ಬರ ಹೆಸರಿನಲ್ಲಿದ್ದ ಹೊಲದ ಕಾಲು ಭಾಗ ಬಂಡೆ. ನಮ್ಮ ತಾತನ ಕಾಲದಿಂದಲೂ ಅದಕ್ಕೆ ನಾವು ಕಂದಾಯ ಕಟ್ಟಿದ್ದೆವೇ ಹೊರತು ಅದು ನಮಗೆ ಏನನ್ನೂ ಕೊಟ್ಟಿರಲಿಲ್ಲ. ಆಗ ಎಲ್ಲ ಕಡೆ ಮನೆ ಏಳುತ್ತಿದ್ದ ಕಾಲ. ಪಾಂಡವಪುರದ ಕಡೆಯಿಂದ ಒಬ್ಬ ಕಲ್ಲಿನ ಗುತ್ತಿಗೆದಾರರು ಬಂದು, ಬಂಡೆಯ ಸುತ್ತ ಎರಡು ಸುತ್ತು ಹಾಕಿ, ಒಡೆಯಲು ಕೊಡುತ್ತೀರಾ ಎಂದು ಕೇಳಿದರು. ವರ್ಷಕ್ಕೆ ಇಷ್ಟು ಎಂದು ಒಂದೇ ಗಂಟು ಬೇಕೋ, ಲಾರಿ ಲೋಡಿಗೆ ಇಷ್ಟು ಎಂದು ಬೇಕೋ, ಯೋಚನೆ ಮಾಡಿ ಹೇಳಿ ಎಂದರು. ಅಣ್ಣ ನನಗೆ ಹೇಳಿ ಕಳಿಸಿದ: ಬಂದು ಲೆಕ್ಕ ಹಾಕಿಕೊಡು.

ಲೆಕ್ಕ ಬೇಕಾಗಿದ್ದದ್ದು ನಿಜವಾಗಿ ಅತ್ತಿಗೆಗೆ. ನಮ್ಮ ಊರಿನ ಮನೆಯಲ್ಲಿ ರೇಷ್ಮೆಹುಳು ಮನುಷ್ಯರ ಜೊತೆ ಇರುತ್ತಿರಲಿಲ್ಲ. ಮನುಷ್ಯರು ಹುಳುವಿನ ಜೊತೆ ಇರುತ್ತಿದ್ದರು. ನಡುಮನೆಯ ತುಂಬ ಬಿದಿರಿನ ತಟ್ಟೆ ಜೋಡಿಸಿದ ಸ್ಟ್ಯಾಂಡುಗಳು. ಅವುಗಳ ಮಧ್ಯದ ಸಂದಿಯಲ್ಲಿ ಊಟ, ಅಲ್ಲೇ ಮಲಗುವುದು. ಹುಳು ದೊಡ್ಡದಾಗುತ್ತಾ ಬಂದ ಹಾಗೆ ಅತ್ತಿಗೆಗೆ ಉಬ್ಬಸ ಏರುತ್ತಿತ್ತು. ಗೂಡು ಮಾರಿ ಮನೆ ಗುಡಿಸಿದ ಮೇಲೆ ನಾಲ್ಕು ದಿನ ಸರಾಗವಾಗಿ ಉಸಿರಾಡುತ್ತಿದ್ದರು, ಅಷ್ಟರಲ್ಲಿ ಮುಂದಿನ ಬೆಳೆಯ ಮೊಟ್ಟೆ ಮನೆಗೆ ಬರುತ್ತಿತ್ತು. ಹುಳುವಿನ ಜೊತೆ ಮಲಗಬೇಡಿ ಎಂದು ನಾಗಮಂಗಲದ ಡಾಕ್ಟರು ಹೇಳಿದಾಗ ಅತ್ತಿಗೆ, "ಅಂಗಾರೆ ಆಚೆಗೆ ಯಾರ್ನ ಕಳಿಸ್ಲಿ ಡಾಕ್ಟ್ರೇ, ಹುಳನೋ, ನಮ್ಮೆಜಮಾನ್ರನ್ನೋ?" ಎಂದು ಕೇಳಿದ್ದರಂತೆ. ಹಿತ್ತಿಲಲ್ಲಿ ಬೇರೆ ಹುಳುಮನೆ ಕಟ್ಟಬೇಕು. ಬಂಡೆಯ ಹಣ ಅದಕ್ಕೆ ಸಾಕಾಗುತ್ತದೋ ಇಲ್ಲವೋ? ಪ್ರಶ್ನೆ ಇಷ್ಟೇ.

ಒಂದು ಭಾನುವಾರ ಟೇಪು, ತೆಂಗಿನ ನಾರಿನ ಹಗ್ಗ, ಏಣಿ ಹಿಡಿದು ಬಂಡೆ ಹತ್ತಿದೆ. ಹಗ್ಗದ ಇನ್ನೊಂದು ತುದಿ ಅಣ್ಣನ ಕೈಲಿ.

"ಒಳಗೆ ಎಷ್ಟೈತೆ ಅಂತ ನಿಂಗೆಂಗ್ಲಾ ಗೊತ್ತಾಯ್ತದೆ?" ಎಂದ.

"ಉದ್ದ, ಅಗಲ, ಎತ್ತರ ಗುಣಿಸಿದ್ರೆ ಆಯ್ತಣ್ಣ."

"ಎಮ್ಮೆನೂ ಅಂಗೇ ಅಳೀತೀಯಾ? ಕೊಂಬಿಂದ ಬಾಲದ್ ಗಂಟ ಗುಣಿಸ್ಬುಟ್ಟು, ಇಷ್ಟು ಸೇರು ಹಾಲು ಅಂತ?"

ನಾನು ಗುಣಿಸಿದೆ. ಇನ್ನು ದರ ಬೇಕಿತ್ತು. ಪರಿಚಯದವರೊಬ್ಬರ ಮೂಲಕ ಒಂದು ಸರ್ಕಾರಿ ಸುತ್ತೋಲೆಯ ನಕಲು ಸಿಕ್ಕಿತು. ಕಟ್ಟಡದ ಕಲ್ಲಿಗೆ ಘನ ಮೀಟರಿಗೆ ಇಷ್ಟು 'ರಾಜಧನ' ಎಂದು ಅದರಲ್ಲಿ ಅಚ್ಚಾಗಿತ್ತು. ಪುಸ್ತಕ ಬರೆದವರಿಗೆ ರಾಯಧನ ಬರುತ್ತದೆಂದು ಓದಿ ಬಲ್ಲೆ. ಪುಸ್ತಕದವರಿಗೆ ರಾಯಧನ ಎಂದಮೇಲೆ ಬಂಡೆಯವರಿಗೆ ರಾಜಧನ. ನನ್ನ ಬುದ್ಧಿಗೆ ಇದರಲ್ಲಿ ಯಾವ ತೊಡಕೂ ಕಾಣಲಿಲ್ಲ. ತೊಡಕು ಕಾಣದೆ ಇದ್ದದ್ದು ನನ್ನ ಜೀವನದಲ್ಲಿ ಅದೇ ಮೊದಲು. ಆಗಲೇ ಅನುಮಾನ ಪಡಬೇಕಿತ್ತು.

ಆಮೇಲೆ ಕಳೆಯುವ ಕೆಲಸಕ್ಕೆ ಕೂತೆ. ಅದರಲ್ಲಿ ನನ್ನನ್ನು ಮೀರಿಸುವವರಿಲ್ಲ. ಪುಡಿಗಲ್ಲೆಂದು ಮೂರನೇ ಒಂದು ಭಾಗ ಕಳೆದೆ. ಲಾರಿ ಓಡದ ಮಳೆಯ ತಿಂಗಳುಗಳನ್ನು ಕಳೆದೆ. ಗುತ್ತಿಗೆದಾರರ ಮೋಸಕ್ಕೆಂದು ಒಂದಿಷ್ಟು, ನನ್ನ ತಪ್ಪಿಗೆಂದು ಒಂದಿಷ್ಟು ತೆಗೆದೆ. ಎಷ್ಟು ಕಳೆದರೂ ಉಳಿದದ್ದು ಹುಳುಮನೆಗೆ ಸಾಕಾಗಿ ಮಿಗುತ್ತಿತ್ತು. ಅತ್ತಿಗೆಗೆ ಮೊತ್ತ ಹೇಳಿದಾಗ ಅವರು ಸಂತೋಷವನ್ನೇನೂ ತೋರಿಸಲಿಲ್ಲ. ಆದರೆ ಮಾರನೆಯ ದಿನವೇ ಗಾರೆಯವನನ್ನು ಕರೆಸಿ ಹಿತ್ತಿಲು ತೋರಿಸಿದರೆಂದು ಕೇಳಿದೆ. ಟಿಕೆಟ್ಟಿನ ಮೇಲಿನ ಪಟ್ಟಿ ಶುರುವಾದದ್ದು ಆ ಸುದ್ದಿ ಕಿವಿಗೆ ಬಿದ್ದ ಮೇಲೆ.

ಮಾತುಕತೆ ಮುಗಿಸುವ ದಿನ ಗುತ್ತಿಗೆದಾರರು ನಮ್ಮ ಜಗಲಿಯ ಮೇಲೆ ಕೂತಿದ್ದರು. ನಾನು ಕಾಗದ ಬಿಚ್ಚಿ, ಗಂಟಲು ಸರಿಮಾಡಿಕೊಂಡು, ಲೆಕ್ಕವನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ. ಅವರು ಒಂದೊಂದು ಅಂಕಿಗೂ ತಲೆದೂಗಿದರು. ನಾನು ಗೆದ್ದೆನೆಂದುಕೊಂಡೆ.

"ಚೆನ್ನಾಗೈತೆ ಸಾರ್ ಲೆಕ್ಕ," ಎಂದರು. "ಆದ್ರೆ ಇದು ನಿಮಗೆ ಬರೋದಲ್ವಲ್ಲ. ರಾಜಧನ ಅಂದ್ರೆ ನಾನು ಸರ್ಕಾರಕ್ಕೆ ಕಟ್ಟೋದು. ನಿಮಗೆ ಕೊಡೋದು ಬೇರೆ. ಲೋಡಿಗೆ ಹದಿನೈದು ರೂಪಾಯಿ."

ಎರಡು ವಾರ ಕಷ್ಟಪಟ್ಟು ನಾನು ಸರ್ಕಾರದ ಆದಾಯವನ್ನು ಅಂದಾಜು ಮಾಡಿದ್ದೆ. ಸರ್ಕಾರ ಕೇಳಿರಲಿಲ್ಲ.

ಅಣ್ಣ ಕಂಬಕ್ಕೆ ಒರಗಿ ಮೇಲೆ ನೋಡುತ್ತಾ, "ರಾಜನ ದನ ಅಂತ ಎಸ್ರಲ್ಲೇ ಐತಲ್ಲೋ," ಎಂದ. "ರಾಜನ ದನ ರಾಜನ ಕೊಟ್ಟಿಗೆಗೆ ಓಯ್ತದೆ ಕಣ್ಲಾ. ನಮ್ಮನೆ ಕೊಟ್ಟಿಗೆಗೆ ಯಾಕ್ಲಾ ಬತ್ತದೆ? ಇಷ್ಟು ಓದ್ಬುಟ್ಟು ಅಷ್ಟೂ ಗೊತ್ತಾಗ್ನಿಲ್ವಾ?"

ಧನಕ್ಕೂ ದನಕ್ಕೂ ಇರುವ ವ್ಯತ್ಯಾಸವನ್ನು ತಿದ್ದಲು ಬಾಯಿ ತೆರೆದವನು ಹಾಗೇ ಮುಚ್ಚಿದೆ. ಮಹಾಪ್ರಾಣ ತಿಳಿದಿದ್ದ ನನಗಿಂತ ತಿಳಿಯದ ಅವನಿಗೇ ಆ ಪದ ಸರಿಯಾಗಿ ಅರ್ಥವಾಗಿತ್ತು. ಹದಿನೈದು ರೂಪಾಯಿಯ ಲೆಕ್ಕದಲ್ಲಿ ಹುಳುಮನೆಯ ಪಾಯ ಏಳುವುದಕ್ಕೇ ಎರಡು ವರ್ಷ. ಒಳಗಿನಿಂದ ಅತ್ತಿಗೆಯ ಉಸಿರು ಕೇಳುತ್ತಿತ್ತು. ಹುಳು ಆಗ ಮೂರನೇ ಜ್ವರದಲ್ಲಿತ್ತು. ಪೊರೆ ಕಳಚುವ ಮುಂಚೆ ಮೇವು ಬಿಟ್ಟು ಮಲಗುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತೇವೆ.

ಅತ್ತಿಗೆ ಬಾಗಿಲಿಗೆ ಬಂದರು. ಅವರ ತವರು ಕೆ.ಆರ್. ಪೇಟೆ ಕಡೆ. ಮದುವೆಯಾಗಿ ಇಪ್ಪತ್ತೈದು ವರ್ಷವಾದರೂ ನಮ್ಮ ಊರಿನ ಅಂಗಡಿಯವರು ಅವರ ಜೊತೆ ಚೌಕಾಸಿಗೆ ನಿಲ್ಲಲು ಹೆದರುತ್ತಿದ್ದರು.

"ದುಡ್ಡು ಆಮ್ಯಾಕೆ ಕೊಡೀರಂತೆ ಯಜಮಾನ್ರೇ," ಎಂದು ಗುತ್ತಿಗೆದಾರರಿಗೆ ಹೇಳಿದರು. "ಮೊದ್ಲು ಕಲ್ಲು ಕೊಡಿ. ಒಂದು ಹುಳಿನ್ಮನೆಗೆ ನಾಕು ಗ್ವಾಡೆಗೆ ಆಗೋವಷ್ಟು ಸೈಜುಗಲ್ಲು, ನೀವೇ ಒಡ್ಸಿ, ನಮ್ಮ ಇತ್ಲಿಗೆ ತಂದು ಇಳಿಸ್ಕೊಡಿ. ಆಮೇಲಿನ ಲೋಡಿಂದ ಅದಿನೈದು ಸುರು."

"ಅದೆಂಗಾಯ್ತದೆ ತಾಯಿ?"

"ನಮ್ ಬಂಡೆ ಕಲ್ಲು, ನಮ್ ಇತ್ಲು. ನಿಮ್ದೇನೋಯ್ತದೆ, ಒಂದಿಷ್ಟು ಡೀಸೆಲ್ಲು. ಇನ್ನೊಂದು ಮಾತು. ನಾಕನೇ ಜ್ವರ ಬುಟ್ಟಮ್ಯಾಕೆ ಒಂದು ವಾರ ಮದ್ದು ಆರಿಸಂಗಿಲ್ಲ."

ಗುತ್ತಿಗೆದಾರರು ಗಾಬರಿಯಾಗಿ ನನ್ನ ಕಡೆ ತಿರುಗಿದರು. "ಯಾರಿಗೆ ಸಾರ್ ಜ್ವರ? ನಾಕು ಸಲ ಬಂತಾ?"

"ಹುಳಕ್ಕೆ," ಎಂದೆ. ನಾಲ್ಕನೇ ಜ್ವರದಿಂದ ಎದ್ದ ಹುಳು ಹಗಲೂ ರಾತ್ರಿ ಸೊಪ್ಪು ತಿನ್ನುತ್ತದೆ, ಆಗ ಸೊಪ್ಪಿನ ಮೇಲೆ ಧೂಳು ಕೂತರೆ ಬೆಳೆಯೇ ಹೋಗುತ್ತದೆ ಎಂದು ವಿವರಿಸಿದೆ. ನನ್ನ ಟಿಕೆಟ್ಟಿನಲ್ಲಿ ಈ ಭಯ ಬರೆದಿತ್ತು. ಅದಕ್ಕೆ ಉಪಾಯ ಬರೆದಿರಲಿಲ್ಲ. ಭಯಪಡುವುದೇ ಒಂದು ಏರ್ಪಾಡು ಎಂದು ನಾನು ಬಹಳ ವರ್ಷ ನಂಬಿಕೊಂಡಿದ್ದೆ.

ಗುತ್ತಿಗೆದಾರರು ತಲೆ ಕೆರೆದುಕೊಂಡು ಒಪ್ಪಿದರು. ಛಾಪಾ ಕಾಗದದ ಮೇಲೆ ಬರೆಯುವ ಕೆಲಸ ನನಗೇ ಬಂತು. ರೇಷ್ಮೆಹುಳು ನಾಲ್ಕನೇ ಜ್ವರದಿಂದ ಎದ್ದ ದಿವಸದಿಂದ ಹಣ್ಣಾಗಿ ಗೂಡಿಗೆ ಏರುವ ತನಕ ಸಿಡಿಮದ್ದು ಹಾರಿಸತಕ್ಕದ್ದಲ್ಲ ಎಂದು ಗುಂಡಾಗಿ ಬರೆದೆ. ಅಂಥ ಕರಾರು ನನ್ನ ಸರ್ವಿಸ್ಸಿನಲ್ಲಿ ನಾನು ಇನ್ನೊಂದು ಕಂಡಿಲ್ಲ.

ಪಟ್ಟಿಯಲ್ಲಿದ್ದದ್ದು ಒಂದೂ ನಡೆಯಲಿಲ್ಲ. ಬಾವಿ ಬಾವಿಯಂತೆಯೇ ಇತ್ತು, ಹೆಂಚು ಹೆಂಚಿನಂತೆ. ಕಲ್ಲು ಒಳಗೂ ಗಟ್ಟಿಯಾಗಿತ್ತು. ದಾಯಾದಿ ಬಂದರು, ಕಾಫಿ ಕುಡಿದು, ಮಗಳ ಮದುವೆಗೆ ಕರೆದು ಹೋದರು. ಗುತ್ತಿಗೆದಾರರು ಮದ್ದು ಇಡುವ ಮುಂಚೆ ಆಳು ಕಳಿಸಿ, "ಹುಳಕ್ಕೆ ಎಷ್ಟ್ನೇ ಜ್ವರ?" ಎಂದು ಕೇಳಿಸುತ್ತಿದ್ದರು. ಲೋಡಿಗೆ ಹದಿನೈದರಂತೆ ಶನಿವಾರ ಶನಿವಾರ ಬಂದ ಹಣ ಹುಳುಮನೆಯ ಚಾವಣಿಗೆ ಹೋಯಿತು. ನಾನೂ ಅಣ್ಣನೂ ಮಾತು ಬಿಡಲಿಲ್ಲ. ಬಿಟ್ಟಿದ್ದರೆ ನನಗೇ ಒಂದಿಷ್ಟು ಬೈಗುಳ ತಪ್ಪುತ್ತಿತ್ತು.

ಹುಳುಮನೆಯ ನಕ್ಷೆ ಬರೆದುಕೊಟ್ಟವನೂ ನಾನೇ. ಆರು ಸ್ಟ್ಯಾಂಡು, ಒಂದೊಂದು ಐದು ಅಡಿ, ಒಟ್ಟು ಮೂವತ್ತು ಅಡಿ ಉದ್ದ. ಒಂದಿಂಚೂ ಪೋಲಾಗಬಾರದೆಂದು ಮೂರು ಸಲ ಕೂಡಿ ನೋಡಿ ಕೊಟ್ಟೆ. ಗಾರೆಯವನು ನಿಯತ್ತಿನ ಮನುಷ್ಯ. ಹೊರಗಿನಿಂದ ಹೊರಗೆ ಸರಿಯಾಗಿ ಮೂವತ್ತು ಅಡಿಗೆ ಕಟ್ಟಿದ. ಸೈಜುಗಲ್ಲಿನ ಗೋಡೆ ಒಂದೂವರೆ ಅಡಿ ದಪ್ಪ ಬರುತ್ತದೆ, ಆ ತುದಿಗೊಂದು, ಈ ತುದಿಗೊಂದು.

ಹುಳು ಒಳಗೆ ಹೋಗುವ ದಿನ ನಾನೂ ಅಲ್ಲಿದ್ದೆ. ಐದು ಸ್ಟ್ಯಾಂಡು ಹೋದವು. ಆರನೆಯದನ್ನು ನೇರ ಇಟ್ಟು ನೋಡಿದೆವು, ಓರೆ ಇಟ್ಟು ನೋಡಿದೆವು, ಅಡ್ಡ ಇಟ್ಟರೆ ಬಾಗಿಲು ಹಾಕಲಾಗಲಿಲ್ಲ. ಅಣ್ಣ ಅದರ ಕಾಲು ಹಿಡಿದುಕೊಂಡೇ ನನ್ನ ಕಡೆ ತಿರುಗಿ, "ಇದ್ನ ಎಲ್ ಮಡಗನ, ಎಂಜಿನಿಯರ್ ಸಾಯೇಬ್ರೇ?" ಎಂದ. ಅತ್ತಿಗೆ ಅದರ ಇನ್ನೊಂದು ತುದಿಗೆ ಕೈ ಹಾಕಿದರು. ಮೂವರೂ ಸೇರಿ ಅದನ್ನು ಹೊತ್ತು ಮತ್ತೆ ನಡುಮನೆಗೇ ತಂದೆವು.

ಅತ್ತಿಗೆ ತಮ್ಮ ಚಾಪೆಯನ್ನು ಅದರಿಂದ ಆದಷ್ಟು ದೂರ, ಅಡುಗೆಮನೆಯ ಬಾಗಿಲಿಗೆ ಎಳೆದುಕೊಂಡರು. "ಐದು ಸ್ಟ್ಯಾಂಡಿನ ಉಬ್ಬಸ ಓಯ್ತು ಬುಡಪ್ಪ. ಒಂದು ಸ್ಟ್ಯಾಂಡಿಂದು ತಡ್ಕತೀನಿ," ಎಂದರು. ಉಸಿರು ನಿಜವಾಗಿಯೂ ಹಗುರಾಗಿತ್ತು. ನನ್ನನ್ನು ಸಮಾಧಾನ ಮಾಡುವ ಮಾತಲ್ಲ ಅದು. ಆಮೇಲೆ ನನ್ನ ಹಾಸಿಗೆಯ ಸುರುಳಿ ತಂದು ಆ ಸ್ಟ್ಯಾಂಡಿನ ಕಾಲ ಬಳಿ ಬಿಚ್ಚಿದರು. ಮನೆಯಲ್ಲಿ ಬೇರೆಡೆ ಜಾಗ ಬೇಕಾದಷ್ಟಿತ್ತು.