ಜೇನುಮೇಣ ಬೆರೆತ ಡಬ್ಬಿ

ಸೋಮವಾರ ಬೆಳಿಗ್ಗೆ ಆರಕ್ಕೆ ಒಲೆ ಹಚ್ಚಿದರೆ ಏಳಕ್ಕೆ ಡಬ್ಬಿಗಳು ತುಂಬಿರಬೇಕು. ಕ್ರೀಮು ತಯಾರಿಸುವ ಕಾರ್ಖಾನೆಯಲ್ಲಿ ನಿವೃತ್ತಿಯವರೆಗೆ ಹೀಗೆಯೇ ನಡೆದೆ. ಗೋಕಾಕದ ಮನೆಯಲ್ಲೂ ಆ ಶಿಸ್ತು ಬಿಡಲಿಲ್ಲ. ಬಿಟ್ಟಿದ್ದರೆ ಚೆನ್ನಾಗಿತ್ತು.

ಒಡೆದ ಚರ್ಮಕ್ಕೆ ಮುಲಾಮು ಕಾಯಿಸುತ್ತಿದ್ದೆ. ಔಡಲೆಣ್ಣೆಗೆ ಕಬ್ಬಿನ ಮೇಣ ಬೆರೆಸಿದರೆ ಸಾಕು. ಮೇಣದಲ್ಲಿರುವ ಎಸ್ಟರುಗಳೆಂಬ ಜಿಡ್ಡಿನ ಅಂಶಗಳು ಚರ್ಮದ ಮೇಲೆ ತೆಳ್ಳಗೆ ಕುಳಿತು ತೇವ ಆರಗೊಡುವುದಿಲ್ಲ. ಇಂಥ ಮೇಣಕ್ಕಾಗಿ ಹಿಂದೆ ತಿಮಿಂಗಿಲಗಳನ್ನು ಕೊಲ್ಲುತ್ತಿದ್ದರು. ಸಕ್ಕರೆ ಕಾರ್ಖಾನೆಯಲ್ಲಿ ರಸ ಸೋಸಿ ಉಳಿದ ಮಡ್ಡಿಯಿಂದಲೇ ಮೇಣ ಸಿಗುವಾಗ ಯಾವ ಜೀವವನ್ನೂ ನೋಯಿಸಬೇಕಿಲ್ಲ ಎಂದು ಕೇಳಿದವರಿಗೆಲ್ಲ ಹೇಳುತ್ತಿದ್ದೆ.

ಕುಲಗೋಡದಲ್ಲಿ ನನ್ನ ಶಾಲೆಯ ಗೆಳತಿ ಇದ್ದಾಳೆ. ಎಮ್ಮೆಗೆ ಮೇವು ಕೊಯ್ದು ಅವಳ ಅಂಗೈ ಸೀಳಿತ್ತು. ದಿನವೂ ಎಡ ಅಂಗೈಯಲ್ಲಿ ಇಷ್ಟಲಿಂಗವಿಟ್ಟು ಪೂಜಿಸುವವಳು; ರಕ್ತ ಜಿನುಗಿ ಲಿಂಗಕ್ಕೆ ತಾಗೀತೆಂದು ಅಂಜುತ್ತಿದ್ದಳು. ಅದಕ್ಕೇ, ಜೀವಹಿಂಸೆಯಿಲ್ಲದ ಮುಲಾಮೆಂದು ನಂಬಿ, ಒಯ್ಯಲು ಬರುತ್ತಿದ್ದಳು.

ಒಂದು ಸೋಮವಾರ ಕಬ್ಬಿನ ಮೇಣದ ಪಾರ್ಸಲ್ ಬಂದಿರಲಿಲ್ಲ. ಗಡಿಯಾರ ಆರು ಹೊಡೆಯಿತು. ಹುಕ್ಕೇರಿಯ ಬಂಧುಗಳು ಮರಕ್ಕೆ ಹೊಗೆ ಹಾಕಿ ಇಳಿಸಿ ಕೊಟ್ಟಿದ್ದ ಜೇನುಹುಟ್ಟು ಮನೆಯಲ್ಲಿತ್ತು. ಅದನ್ನೇ ಕುದಿಸಿದೆ. ಬಿಳಿಯ ಮರಿಹುಳುಗಳು ಮೇಲೆ ತೇಲಿದವು. ಅವನ್ನು ಬಟ್ಟೆಯಲ್ಲಿ ಸೋಸಿ ಚೆಲ್ಲಿ, ಉಳಿದ ಮೇಣವನ್ನು ಎಣ್ಣೆಗೆ ಬೆರೆಸಿದೆ. ಏಳಕ್ಕೆ ಡಬ್ಬಿಗಳು ತುಂಬಿದ್ದವು.

ಗೆಳತಿ ಬಂದು ಡಬ್ಬಿ ಮೂಸಿದಳು. “ಇವತ್ತ ವಾಸನಿ ಬ್ಯಾರೆ ಐತಿ. ಜೀವದ್ದೇನರ ಹಾಕೀಯೇನ?”

“ಇಲ್ಲ, ಕಬ್ಬಿಂದ ಐತಿ.”

“ನೀ ಅಂದ್ರ ಆತ ಬಿಡ. ಸಾಲ್ಯಾಗ ಗಂಟಿ ಹೊಡಿಯೂಕಿಂತ ಮೊದ್ಲ ಬಂದು ಕುಂಡರಾಕಿ ನೀ. ಸುಳ್ಳ ಹೇಳಾಕ ನಿನಗ ಟೈಮರ ಎಲ್ಲಿ ಸಿಗಬೇಕ!” ಎಂದು ನಕ್ಕಳು.

ಮುಂದಿನ ತಿಂಗಳು ಅವಳ ಮನೆಗೆ ಹೋದಾಗ ಪೂಜೆ ಆಗಷ್ಟೇ ಮುಗಿದಿತ್ತು. ಲಿಂಗ ಇನ್ನೂ ಕೈಯಲ್ಲೇ ಇತ್ತು. “ನೋಡ, ಒಂದ ಸೀಳಿಲ್ಲ,” ಎಂದು ಅಂಗೈ ಚಾಚಿದಳು. ನನ್ನಿಂದ ನೋಡಲಾಗಲಿಲ್ಲ. ಇದ್ದದ್ದನ್ನು ಹೇಳಿಬಿಟ್ಟೆ.

“ಹುಟ್ಟಿನ್ಯಾಗ ಹುಳಾ ಇದ್ವೇನ?”

“ಇದ್ವು.”

“ನೀ ನೋಡೀದಿ?”

“ನೋಡೀನಿ.”

ಅವಳು ಲಿಂಗವನ್ನು ವಸ್ತ್ರದಲ್ಲಿ ಸುತ್ತಿಟ್ಟು ಬಚ್ಚಲಿಗೆ ಹೋದಳು. ಸೀಗೆಪುಡಿ ಹಾಕಿ ಕೈ ತಿಕ್ಕುವ ಸಪ್ಪಳ ಎಷ್ಟೋ ಹೊತ್ತು ಕೇಳಿಸಿತು. ಹೊರಗೆ ಬಂದು ಅಂದಳು: “ಪಾರ್ಸಲ್ ಬಂದಿಲ್ಲ, ಮುಂದಿನ ಸೋಮಾರ ಬಾ ಅಂದಿದ್ರ ನಾ ಏನ ಸಾಯ್ತಿದ್ನೇನ?”

ಒಂದು ವಾರ ತಡವಾಗುತ್ತದೆಂದು ಹೇಳುವುದು ನನಗೆ ಸುಳ್ಳಿಗಿಂತ ಕಷ್ಟವಾಗಿತ್ತು.

“ಹನ್ನೊಂದಕ್ಕ ಬಸ್ ಐತಿ. ನಿನಗ ತಡಾ ಆಗಬಾರ್ದು, ಹೋಗ,” ಎಂದಳು.

ಕಬ್ಬಿನ ಮೇಣ ಅಷ್ಟರಲ್ಲೇ ಬಂದಿತ್ತು. ಹೊಸ ಡಬ್ಬಿಯ ಮೇಲೆ ಏನೇನು ಹಾಕಿದ್ದೇನೆಂದು ಬರೆದು ಕಳಿಸಿದೆ. ಮುಚ್ಚಳ ತೆಗೆಯದೆ ವಾಪಸ್ ಕಳಿಸಿದಳು. ಅವಳ ಅಂಗೈ ಮತ್ತೆ ಸೀಳಿದೆಯಂತೆ.