ಮಿಸೆಸ್ ಲ್ಯೂಂಗ್ ಬರೆದ ಕಾಗದ

ಡಾಕ್ಟರ್ ಶ್ರೀಕಂಠ ಮೂಳೆ ಡಾಕ್ಟರು. ಬರ್ಲಿಂಗ್ಟನ್ನಿನ ಕ್ಲಿನಿಕ್ಕು ಮುಚ್ಚಿ ಹದಿನಾಲ್ಕು ವರ್ಷವಾಗಿದ್ದರೂ, ಕನ್ನಡದವರು ನಾಲ್ಕು ಜನ ಸೇರಿದ ಕಡೆಯೆಲ್ಲ ಅವರ ಕುರ್ಚಿಯ ಸುತ್ತ ಇನ್ನೊಂದು ಕ್ಲಿನಿಕ್ಕು ತಾನಾಗಿ ತೆರೆದುಕೊಳ್ಳುತ್ತಿತ್ತು. ಒಬ್ಬರಿಗೆ ಸಕ್ಕರೆ ಕಾಯಿಲೆ, ಇನ್ನೊಬ್ಬರಿಗೆ ತಲೆಸುತ್ತು, ಮತ್ತೊಬ್ಬರ ಅತ್ತೆಗೆ ನಿದ್ದೆ ಇಲ್ಲ. ಮೂಳೆಯೊಂದನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ಜನ ಕೇಳುತ್ತಿದ್ದರು, ಶ್ರೀಕಂಠ ಎಲ್ಲದಕ್ಕೂ ಉತ್ತರ ಹೇಳುತ್ತಿದ್ದರು. ಪಕ್ಕದ ಕುರ್ಚಿಯಲ್ಲಿ ಹೆಂಡತಿ ಜಯಲಕ್ಷ್ಮಿ ಅವರ ಕೋಟು ಮಡಿಲಲ್ಲಿಟ್ಟುಕೊಂಡು ಕೂತಿರುತ್ತಿದ್ದಳು.

ಕ್ಲಿನಿಕ್ಕು ನಡೆಯುತ್ತಿದ್ದಾಗ ಇಪ್ಪತ್ತೆರಡು ವರ್ಷ ಮುಂದಿನ ಮೇಜಿನಲ್ಲಿ ಕೂತು ಫೋನ್ ಎತ್ತಿದವಳು ಇವಳೇ. ಎದೆನೋವು ಎಂದು ಯಾರಾದರೂ ಫೋನ್ ಮಾಡಿದರೆ ಏನು ಹೇಳಬೇಕೆಂದು ಶ್ರೀಕಂಠ ಒಂದು ಹಾಳೆಯಲ್ಲಿ ಟೈಪ್ ಮಾಡಿಸಿ ಗೋಡೆಗೆ ಅಂಟಿಸಿದ್ದರು. ಇಲ್ಲಿಗೆ ಬರಬೇಡಿ, ಈಗಲೇ ಆಂಬ್ಯುಲೆನ್ಸಿಗೆ ಫೋನ್ ಮಾಡಿ, ನೀವೇ ಕಾರು ಓಡಿಸಬೇಡಿ. ಜಯಲಕ್ಷ್ಮಿಗೆ ಅದು ದೇವರನಾಮದಷ್ಟು ಬಾಯಿಪಾಠವಾಗಿತ್ತು.

ಎಪ್ಪತ್ತೆರಡನೆಯ ವಯಸ್ಸಿನಲ್ಲಿ, ಅಕ್ಟೋಬರಿನ ಒಂದು ಬೆಳಿಗ್ಗೆ, ಅವಳದೇ ಎದೆ ಹಿಡಿದುಕೊಂಡಿತು.

"ರೀ, ನಡೆದರೆ ಎದೆ ಮೇಲೆ ಏನೋ ಹೇರಿದ ಹಾಗಾಗತ್ತೆ. ನಿಂತರೆ ಬಿಡತ್ತೆ."

"ಗ್ಯಾಸ್ ಕಣೇ. ನಿನ್ನೆ ಕಡಲೆಕಾಳು ಉಸ್ಲಿ ತಿಂದ್ಯಲ್ಲ," ಎಂದರು ಶ್ರೀಕಂಠ ಐಪ್ಯಾಡಿನಿಂದ ಕಣ್ಣೆತ್ತದೆ.

ಹತ್ತು ದಿನದ ಮೇಲೆ ಇನ್ನೊಮ್ಮೆ ಹೇಳಿದಳು. "ಎಡಗೈಗೂ ಇಳಿಯತ್ತೆ ರೀ."

"ಎಲೆ ಗುಡಿಸ್ಬೇಡ ಅಂದ್ರೆ ಬ್ಯಾಕ್‌ಯಾರ್ಡಿಗೆ ಹೋಗ್ತೀಯ. ಮಸಲ್ ಪೇನ್ ಅದು."

ಅದೇ ವಾರ ಬ್ರ್ಯಾಂಪ್ಟನ್ನಿನಿಂದ ಯೋಗೇಶ ಅನ್ನುವವನು ಫೋನ್ ಮಾಡಿದ. ಟ್ರಕ್ಕು ಓಡಿಸುವವನು, ಮೆಟ್ಟಿಲು ಹತ್ತಿದರೆ ಎದೆ ಬಿಗಿಯುತ್ತದಂತೆ. ಶ್ರೀಕಂಠ ಇಪ್ಪತ್ತು ನಿಮಿಷ ವಿಚಾರಿಸಿದರು, ಬೈದರು, "ಇವತ್ತೇ ಇ.ಸಿ.ಜಿ. ಮಾಡಿಸ್ಕೊ, ನಾಳೆ ಅಂದ್ರೆ ನಾನು ಸುಮ್ನಿರಲ್ಲ" ಎಂದು ಹೆದರಿಸಿದರು. ಜಯಲಕ್ಷ್ಮಿ ಸಾರಿಗೆ ಒಗ್ಗರಣೆ ಹಾಕುತ್ತ ಎಲ್ಲ ಕೇಳಿಸಿಕೊಂಡಳು. ಹೊರಗಿನವರ ಎದೆಯಲ್ಲಿ ಹೃದಯ ಇರುತ್ತದೆ, ಕಟ್ಟಿಕೊಂಡವಳ ಎದೆಯಲ್ಲಿ ಬರೀ ಗ್ಯಾಸು. ಅವಳಿಗೆ ಮೈಯೆಲ್ಲ ಉರಿದುಹೋಯಿತು.

"ನಾನೂ ಒಂದ್ಸಲ ಫ್ಯಾಮಿಲಿ ಡಾಕ್ಟರ್ ಹತ್ರ ಹೋಗಿ ಬರ್ಲಾ?"

"ಯಾಕೆ, ನಾನು ಸತ್ತಿದೀನಾ?"

ಅಲ್ಲಿಗೆ ಮಾತು ಮುಗಿಯಿತು. ಡಾಕ್ಟರ ಹೆಂಡತಿ ಬೇರೆ ಡಾಕ್ಟರ ಬಾಗಿಲು ತಟ್ಟಿದರೆ ಊರೆಲ್ಲ ಏನೆಂದುಕೊಳ್ಳುತ್ತದೆ ಎಂಬ ಅಂಜಿಕೆ ಅವಳ ಹೊಟ್ಟೆಯಲ್ಲೂ ಗಟ್ಟಿಯಾಗಿ ಕೂತಿತ್ತು. ಮಗಳು ಮಹಿಮಾಗೆ ಹೇಳಿದರೆ ಅವಳು ಲ್ಯಾಪ್‌ಟಾಪಿನಿಂದ ತಲೆಯೆತ್ತಿ, "ಅಮ್ಮಾ, ಡ್ಯಾಡ್ ಈಸ್ ಎ ಡಾಕ್ಟರ್!" ಎಂದಳು.

ಮಹಿಮಾಳ ಮನೆ ಯೂನಿಯನ್‌ವಿಲ್‌ನಲ್ಲಿ. ಪ್ರತಿ ಮಂಗಳವಾರ ಜಯಲಕ್ಷ್ಮಿ ಎರಡು ರೈಲು ಹತ್ತಿ ಅಲ್ಲಿಗೆ ಹೋಗಿ, ಮೊಮ್ಮಗಳು ಸಾಹಿತ್ಯಳನ್ನು ಈಜು ಕ್ಲಾಸಿಗೆ ಕರೆದೊಯ್ಯುತ್ತಿದ್ದಳು. ನವೆಂಬರಿನಲ್ಲಿ ಒಂದು ದಿನ ಮಗುವನ್ನು ಒಳಗೆ ಬಿಟ್ಟು ಹೊರಬಂದಾಗ ಚಳಿಗಾಳಿ ಎದೆಗೆ ಹೊಡೆಯಿತು, ಕಾಲು ಮುಂದೆ ಹೋಗಲಿಲ್ಲ. ಪಕ್ಕದಲ್ಲೇ ಚೀನೀ ಔಷಧಿ ಅಂಗಡಿ. ಬಾಗಿಲು ದೂಡಿ ಒಳಗೆ ಹೋಗಿ ಸ್ಟೂಲಿನ ಮೇಲೆ ಕೂತಳು. ಗೋಡೆ ತುಂಬ ಸಣ್ಣ ಸಣ್ಣ ಮರದ ಡ್ರಾಯರುಗಳು, ಒಣಬೇರಿನ ವಾಸನೆ. ಇಲ್ಲಿ ತೋರಿಸಿಕೊಂಡರೆ ಯಾರಿಗೂ ಅವಮಾನವಿಲ್ಲ, ಇವರು ಆ ಥರದ ಡಾಕ್ಟರಲ್ಲ ಎಂದು ಅವಳು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಅಂಗಡಿಯ ವೈದ್ಯೆ ಮಿಸೆಸ್ ಲ್ಯೂಂಗ್‌ಗೂ ಎಪ್ಪತ್ತರ ಹತ್ತಿರ. ಆಕೆ ನಾಲಿಗೆ ಚಾಚಲು ಹೇಳಿ ನೋಡಿದರು. ಎರಡು ಮಣಿಕಟ್ಟಿನ ಮೇಲೂ ಮೂರು ಮೂರು ಬೆರಳಿಟ್ಟು ಬಹಳ ಹೊತ್ತು ನಾಡಿ ನೋಡಿದರು. ಆಮೇಲೆ ಕೇಳಿದರು: ಚಳಿಯಲ್ಲಿ ಹೆಚ್ಚಾ? ನಡೆದಾಗ ಬರುತ್ತಾ, ಮಲಗಿದಾಗಲಾ? ಕೈಗೆ ಇಳಿಯುತ್ತಾ, ದವಡೆಗೆ? ಎಷ್ಟು ದಿನದಿಂದ? ಒಂದೊಂದಕ್ಕೂ ಉತ್ತರ ಬರುವ ತನಕ ಕಾದರು. ಒಂದೂವರೆ ತಿಂಗಳಲ್ಲಿ ಇಷ್ಟು ಪ್ರಶ್ನೆ ಕೇಳಿದವರು ಇವರೊಬ್ಬರೇ.

ಮಿಸೆಸ್ ಲ್ಯೂಂಗ್ ತಮ್ಮ ಪದ್ಧತಿಯಲ್ಲಿ ಬಿಡಿಸಿ ಹೇಳಿದರು. ಎದೆ ಎಂದರೆ ಒಂದು ಬಯಲು. ಹೃದಯದ ಬಿಸುಪು, ಅವರ ಮಾತಿನಲ್ಲಿ ಯಾಂಗ್, ಅಲ್ಲಿ ಬಿಸಿಲಿನ ಹಾಗೆ ಹರಡಿರಬೇಕು. ವಯಸ್ಸಾಗಿ ಅದು ಕುಗ್ಗಿದರೆ ಥಂಡಿ ಸೇರಿಕೊಳ್ಳುತ್ತದೆ, ಕಫ ಮೋಡದಂತೆ ಕವಿಯುತ್ತದೆ, ರಕ್ತದ ಓಟ ನಿಧಾನವಾಗುತ್ತದೆ. ಓಟ ನಿಂತ ಕಡೆ ನೋವು. ಕಫ, ಥಂಡಿ ಎಂಬ ಮಾತನ್ನೆಲ್ಲ ಜಯಲಕ್ಷ್ಮಿ ಮೈಸೂರಿನಲ್ಲಿ ಅಜ್ಜಿಯ ಬಾಯಿಂದ ಕೇಳಿದ್ದವಳೇ, ಹಾಗಾಗಿ ಹೊಸತೆನಿಸಲಿಲ್ಲ.

ಡ್ರಾಯರುಗಳು ತೆರೆದವು. ಪಡುವಲಕಾಯಿಯ ಜಾತಿಯದೊಂದು ಕಾಯಿಯ ಒಣ ಹೋಳು, ಕಫ ಕರಗಿಸಲು. ಬೆಳ್ಳುಳ್ಳಿಯ ಬಳಗದ ಪುಟ್ಟ ಬಿಳಿ ಗಡ್ಡೆ, ಎದೆಯೊಳಗೆ ಬಿಸುಪು ನುಗ್ಗಿಸಲು. ದಾಲ್ಚಿನ್ನಿಯ ಎಳೆ ಕಡ್ಡಿ, ಥಂಡಿಗೆ. ಕೆಂಪು ಬೇರೊಂದನ್ನು ಕೈಗೆತ್ತಿಕೊಂಡವರು, ಬೇರೆ ಯಾವ ಮಾತ್ರೆ ತೆಗೆದುಕೊಳ್ಳುತ್ತೀಯ ಎಂದು ವಿಚಾರಿಸಿ, ಆಸ್ಪಿರಿನ್ ಎಂದ ಕೂಡಲೇ ಅದನ್ನು ವಾಪಸು ಡ್ರಾಯರಿಗೆ ಹಾಕಿದರು. ಈ ಬೇರೂ ರಕ್ತವನ್ನು ತೆಳು ಮಾಡುತ್ತದೆ, ಎರಡೂ ಸೇರಬಾರದು ಎಂದರು.

ಆಮೇಲೆ ಒಂದು ಕಾಗದ ತೆಗೆದು ಇಂಗ್ಲಿಷಿನಲ್ಲಿ ನಿಧಾನವಾಗಿ ಬರೆದರು. 'ನಡೆದಾಗ ಎದೆ ಬಿಗಿತ, ಎಡಗೈ ನೋವು, ಆರು ವಾರ. ದಯವಿಟ್ಟು ತಕ್ಷಣ ಹೃದಯದ ಪರೀಕ್ಷೆ ಮಾಡಿ.' ಕೆಳಗೆ ಸಹಿ, ತಾರೀಖು. "ನನ್ನ ಬೇರು ನಿಧಾನ. ಇದು ಕಾಯುವ ನೋವಲ್ಲ. ಒಂದು ವಾರಕ್ಕೆ ಮಾತ್ರ ಕೊಡ್ತೀನಿ. ಪರೀಕ್ಷೆ ಮಾಡಿಸದೆ ಮತ್ತೆ ಬರಬೇಡ," ಎಂದು ಕಾಗದವನ್ನು ಅವಳ ಕೈಯಲ್ಲಿಟ್ಟರು.

ಆ ರಾತ್ರಿ ಊಟವಾದ ಮೇಲೆ ಜಯಲಕ್ಷ್ಮಿ ಅದನ್ನು ಗಂಡನ ಮುಂದಿಟ್ಟಳು. ಶ್ರೀಕಂಠ ಓದಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ಬೇರು ಮಾರೋಳು ನನಗೆ ರೆಫರಲ್ ಬರೀತಾಳಾ? ಭೇಷ್!"

ಜೇಬಿನ ಪೆನ್ನು ತೆಗೆದು ಅದೇ ಕಾಗದದ ಅಂಚಿನಲ್ಲಿ 'ಗ್ಯಾಸ್. ಪ್ಯಾಂಟೋಪ್ರಜೋಲ್' ಎಂದು ಕಾಯಿಲೆ, ಮಾತ್ರೆ ಎರಡನ್ನೂ ಇಂಗ್ಲಿಷಿನಲ್ಲಿ ಗೀಚಿ, ನಲವತ್ತು ವರ್ಷದ ಅಭ್ಯಾಸ ಬಿಡದೆ, ಕೆಳಗೆ ಸಹಿಯನ್ನೂ ಹಾಕಿದರು. ಶನಿವಾರ ಮನೆಗೆ ಬಂದ ಗೆಳೆಯರಿಗೆಲ್ಲ ಕಾಗದ ತೋರಿಸಿದರು. ಅವರೂ ನಕ್ಕರು. ಜಯಲಕ್ಷ್ಮಿ ಕಾಫಿ ಕೊಟ್ಟು, ಲೋಟ ತೆಗೆಯುವಾಗ ಕಾಗದವನ್ನೂ ತೆಗೆದುಕೊಂಡು ತನ್ನ ಪರ್ಸಿಗೆ ಹಾಕಿಕೊಂಡಳು.

ಮುಂದಿನ ಮಂಗಳವಾರ ಮಿಸೆಸ್ ಲ್ಯೂಂಗ್ ಮೊದಲು ಕೇಳಿದ್ದೇ ಅದನ್ನು. ಪರೀಕ್ಷೆ ಆಯ್ತಾ?

ನನ್ನ ಗಂಡ ಡಾಕ್ಟರು, ಅವರೇ ನಂಬಲಿಲ್ಲ ಎಂದು ಪರಸ್ಥಳದ ಹೆಂಗಸಿನ ಮುಂದೆ ಹೇಗೆ ಹೇಳುವುದು? ಮನೆಯ ಮಾನ ಅಂಗಡಿಯಲ್ಲಿ ಹರಾಜಿಗಿಟ್ಟಂತೆ. "ಆಯ್ತು, ಎಲ್ಲ ನಾರ್ಮಲ್," ಎಂದಳು. ಐವತ್ತು ವರ್ಷದ ಸಂಸಾರದಲ್ಲಿ ಗಂಡನ ಮುಖ ಉಳಿಸಲು ಹೇಳಿದ ಸುಳ್ಳುಗಳಲ್ಲಿ ಅದೂ ಒಂದು. ಮಿಸೆಸ್ ಲ್ಯೂಂಗ್ ಅವಳ ಮುಖವನ್ನೇ ನೋಡಿ, ಮತ್ತೆ ಕೇಳಿ, ಕೊನೆಗೆ ಪೊಟ್ಟಣ ಕಟ್ಟಿಕೊಟ್ಟರು.

ಚಳಿಗಾಲವೆಲ್ಲ ಕಷಾಯ ಕುದಿಯಿತು. "ಮನೆಯೆಲ್ಲ ಬೆಳ್ಳುಳ್ಳಿ ನಾತ" ಎಂದು ಶ್ರೀಕಂಠ ಎಕ್ಸಾಸ್ಟ್ ಫ್ಯಾನು ಹಾಕುತ್ತಿದ್ದರು. ಕುಡಿದಾಗ ಎದೆ ಬೆಚ್ಚಗಾದಂತಿರುತ್ತಿತ್ತು. ಅದು ಬೇರಿನ ಗುಣವೋ, ವಾರಕ್ಕೊಮ್ಮೆ ಯಾರೋ ಕೈಹಿಡಿದು 'ಹೇಗಿದೆ' ಎಂದು ಕೇಳುತ್ತಿದ್ದುದರ ಗುಣವೋ ಅವಳಿಗೆ ತಿಳಿಯದು. ಬಿಗಿತ ಮಾತ್ರ ಹೋಗಲಿಲ್ಲ. ಜನವರಿಗೆ ಅಡುಗೆಮನೆಯಿಂದ ದೇವರಮನೆಗೆ ನಡೆದರೂ ಬರತೊಡಗಿತು.

ಫೆಬ್ರವರಿಯ ಒಂದು ಮಧ್ಯಾಹ್ನ ಚಪಾತಿ ಲಟ್ಟಿಸುತ್ತಿದ್ದಾಗ ದವಡೆಯಿಂದ ಎಡಗೈ ತನಕ ನೋವು ಎಳೆಯಿತು. ತಣ್ಣನೆಯ ಬೆವರು ಇಳಿಯಿತು. "ರೀ" ಎಂದು ಕೂಗಿದಳು.

"ಗ್ಯಾಸಿನ ಮಾತ್ರೆ ಡ್ರಾಯರಲ್ಲಿದೆ ನೋಡು," ಎಂಬ ಉತ್ತರ ಹಾಲಿನಿಂದ ಬಂತು.

ಜಯಲಕ್ಷ್ಮಿ ಡ್ರಾಯರಿಗೆ ಕೈ ಹಾಕಲಿಲ್ಲ. ಗೋಡೆ ಹಿಡಿದು ಫೋನಿನ ಹತ್ತಿರ ಹೋದಳು. ಊರಿನವರಿಗೆಲ್ಲ ಇಪ್ಪತ್ತೆರಡು ವರ್ಷ ಹೇಳಿದ್ದನ್ನು ಕೊನೆಗೊಮ್ಮೆ ತನಗೆ ತಾನೇ ಹೇಳಿಕೊಂಡು ಆಂಬ್ಯುಲೆನ್ಸಿಗೆ ಫೋನ್ ಮಾಡಿದಳು. ಸೈರನ್ನು ಮನೆ ಮುಂದೆ ನಿಂತಾಗಲೇ ಶ್ರೀಕಂಠ ಐಪ್ಯಾಡು ಕೆಳಗಿಟ್ಟದ್ದು.

ಆಸ್ಪತ್ರೆಯಲ್ಲಿ ಸ್ಟೆಂಟ್ ಹಾಕಿದರು. ಪ್ರಾಣ ಉಳಿಯಿತು. ಆದರೆ ಹೃದಯದ ಮಾಂಸದ ಒಂದು ಭಾಗ ಸತ್ತುಹೋಗಿದೆ, ಅದು ಮತ್ತೆ ಬರುವುದಿಲ್ಲ, ಇನ್ನು ಮೆಟ್ಟಿಲು ಹತ್ತುವುದೂ ಕಷ್ಟ ಎಂದರು. ಮರುದಿನ ಹೃದಯದ ಡಾಕ್ಟರೊಬ್ಬ, ಮೊಮ್ಮಗನ ವಯಸ್ಸಿನವನು, ಮಂಚದ ಪಕ್ಕ ಕೂತು ಕೇಳಿದ: ಇದು ಎಷ್ಟು ದಿನದಿಂದ ಇತ್ತು? ಮೊದಲೇ ಯಾಕೆ ಬರಲಿಲ್ಲ?

ಅವಳು ಬಾಯಿ ತೆರೆಯುವ ಮೊದಲೇ ಶ್ರೀಕಂಠ ಶುರುಮಾಡಿದರು. ತಾನೂ ಡಾಕ್ಟರು, ಆದರೆ ಇವಳು ತನಗೆ ಏನೂ ಹೇಳಲಿಲ್ಲ, ಯಾವುದೋ ಚೀನೀ ಅಂಗಡಿಯ ಬೇರು ಕುದಿಸಿ ಕುಡಿದು ಹೃದಯ ಹಾಳುಮಾಡಿಕೊಂಡಳು. ತಡವರಿಸದೆ ಹೇಳಿದರು. ಬಹುಶಃ ಅಷ್ಟು ಹೊತ್ತಿಗೆ ತಾವೇ ಅದನ್ನು ನಂಬಿಯೂ ಇದ್ದರು.

ಜಯಲಕ್ಷ್ಮಿ ಗಂಡನ ಮುಖವನ್ನು ನೋಡಿದಳು. ಆ ಮುಖ ಉಳಿಸಲು ಮಿಸೆಸ್ ಲ್ಯೂಂಗ್‌ಗೆ ಸುಳ್ಳು ಹೇಳಿದ್ದೆನಲ್ಲ ಎಂದು ಅವಳಿಗೆ ಹೇಸಿಗೆಯಾಯಿತು. ಪರ್ಸಿನಿಂದ ಕಾಗದ ತೆಗೆದು ಡಾಕ್ಟರ ಕೈಗೆ ಕೊಟ್ಟಳು. ಅವನು ಮಿಸೆಸ್ ಲ್ಯೂಂಗ್ ಬರೆದದ್ದನ್ನು ಓದಿದ, ತಾರೀಖು ನೋಡಿದ, ಅಂಚಿನಲ್ಲಿದ್ದುದನ್ನು ಎರಡು ಸಲ ಓದಿದ. ಈ ಸಹಿ ಯಾರದು ಎಂದು ಕೇಳಿದ.

"ನನ್ನ ಡಾಕ್ಟರದು," ಎಂದಳು ಜಯಲಕ್ಷ್ಮಿ.

ಅವನು ಫೈಲಿಗೆ ಅದರ ಒಂದು ಪ್ರತಿ ತೆಗೆಸಿಕೊಂಡ.

ಡಿಸ್ಚಾರ್ಜಾದ ದಿನ ಮನೆಯ ದಾರಿಯಲ್ಲಿ ಶ್ರೀಕಂಠರೇ ಕಾರು ಓಡಿಸುತ್ತಿದ್ದರು. ಸಿಗ್ನಲ್ಲಿನಲ್ಲಿ ಕಾರು ನಿಂತಾಗ ಬಾಯಿಬಿಟ್ಟರು.

"ಆ ಹುಡುಗನ ಮುಂದೆ ನನ್ನ ಮರ್ಯಾದೆ ತೆಗೆದ್ಯಲ್ಲ ಜಯಾ. ನೀನು ಕಾಗದ ಕೊಟ್ಟಾಗ ನನಗೆ ಎದೇಲಿ ಚುಚ್ಚಿದ ಹಾಗಾಯ್ತು ಕಣೇ. ಇನ್ನೂ ಹೋಗಿಲ್ಲ."

ಜಯಲಕ್ಷ್ಮಿ ಕಿಟಕಿಯಾಚೆ ರಸ್ತೆಯಂಚಿನ ಕೊಳೆ ಸ್ನೋವನ್ನು ನೋಡುತ್ತ ಕೂತಿದ್ದಳು.

"ಗ್ಯಾಸ್ ಇರಬೇಕು ಬಿಡಿ," ಎಂದಳು.